ಸಹಿ ಹಾಕಿ ಒಯ್ಯುವ ಕೂಸು: ಬದುಕಲಾಗದ ನವಜಾತ ಶಿಶುವಿನ ಚಿಕಿತ್ಸೆ ಯಾರ ನಿರ್ಧಾರ?

ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯ ನವಜಾತ ಶಿಶು ಘಟಕಗಳ ಕೇಸ್‌ಶೀಟುಗಳಲ್ಲಿ ಕೊನೆಯ ಪುಟಕ್ಕೆ ಬಂದರೆ ಒಂದು ಒಕ್ಕಣೆ ಮತ್ತೆ ಮತ್ತೆ ಎದುರಾಗುತ್ತದೆ: "ಮಗುವಿನ ಸ್ಥಿತಿ ಗಂಭೀರವಾಗಿದೆ ಎಂದು ವೈದ್ಯರು ತಿಳಿಸಿದ್ದಾರೆ. ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಕರೆದುಕೊಂಡು ಹೋಗುತ್ತಿದ್ದೇವೆ." ಕೆಳಗೆ ಅಪ್ಪನದೋ ಅಜ್ಜನದೋ ಸಹಿ, ಇಲ್ಲವೇ ಹೆಬ್ಬೆಟ್ಟು. ವಾರ್ಡಿನ ಭಾಷೆಯಲ್ಲಿ ಇದು 'ಡಾಮಾ', ಕೆಲವು ಕಡೆ 'ಲಾಮಾ'. ವೈದ್ಯರ ಸಲಹೆ ಮೀರಿ ಹೊರಟರು ಎಂಬುದು ಅದರ ಅರ್ಥ. ಆದರೆ ಎಷ್ಟೋ ಸಲ ಹೊರಡುವ ಸಲಹೆ ಹುಟ್ಟುವುದೇ ವಾರ್ಡಿನೊಳಗೆ: "ಇನ್ನ ಇಲ್ಲಿಟ್ಟು ಏನೂ ಆಗಂಗಿಲ್ಲ, ಮನಿಗೆ ಒಯ್ತೀರೇನು ನೋಡ್ರಿ."

ವೆಂಟಿಲೇಟರ್ ಮೇಲಿದ್ದ ಕೂಸನ್ನು ಹೀಗೆ ಒಯ್ದರೆ ಅದು ಜೀವಾಧಾರ ಚಿಕಿತ್ಸೆಯನ್ನು ಹಿಂತೆಗೆದುಕೊಂಡಂತೆಯೇ. ವ್ಯತ್ಯಾಸ ಇಷ್ಟೇ: ಇಲ್ಲಿ ಅದನ್ನು ಯಾರೂ ನಿರ್ಧಾರ ಎಂದು ಕರೆಯುವುದಿಲ್ಲ, ಯಾರೂ ಅದರ ಹೊಣೆ ಹೊರುವುದಿಲ್ಲ. ಗಂಟಲ ಕೊಳವೆಯನ್ನು ಆಸ್ಪತ್ರೆಯ ಬಾಗಿಲಲ್ಲಿ ತೆಗೆಯುತ್ತಾರೆ, ಇಲ್ಲವೇ ಕೈಯಿಂದ ಒತ್ತಿ ಉಸಿರು ಕೊಡುವ ಆಂಬ್ಯು ಬ್ಯಾಗನ್ನು ಚಿಕ್ಕಪ್ಪನ ಕೈಗೆ ಕೊಟ್ಟು ಊರು ಮುಟ್ಟುವ ತನಕ ಒತ್ತುತ್ತಿರಲು ಹೇಳುತ್ತಾರೆ. ನೋವಿನ ಔಷಧಿ ಇಲ್ಲ. ಫಿಟ್ಸ್ ಬಂದರೆ ಏನು ಮಾಡಬೇಕು ಎಂದು ಬರೆದುಕೊಟ್ಟ ಚೀಟಿ ಇಲ್ಲ. ಕೂಸು ಎರಡು ತಾಸು ಬದುಕಿದರೂ ಎರಡು ದಿನ ಬದುಕಿದರೂ ಆ ಹೊತ್ತನ್ನು ಮನೆಯವರು ತಾವೇ ನಿಭಾಯಿಸಬೇಕು. ಚರ್ಚೆ ನಡೆಯಬೇಕಾದದ್ದು ಇದರ ಬಗ್ಗೆ. ಚಿಕಿತ್ಸೆ ನಿಲ್ಲಿಸಬಹುದೇ ಎಂಬ ಪ್ರಶ್ನೆಗೆ ಕಾನೂನು ಆಗಲೇ ಉತ್ತರ ಕೊಟ್ಟಿದೆ.

ಕಾನೂನು ಇಲ್ಲಿಯವರೆಗೆ ಬಂದ ದಾರಿಯನ್ನು ಚುಟುಕಾಗಿ ಹೇಳಬಹುದು. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ನರ್ಸ್ ಆಗಿ ಹೋಗಿ, ಹಲ್ಲೆಗೆ ಸಿಕ್ಕು ದಶಕಗಳ ಕಾಲ ಅರಿವಿಲ್ಲದೆ ಮಲಗಿದ್ದ ಅರುಣಾ ಶಾನಭಾಗ್ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್, ಹೈಕೋರ್ಟಿನ ಒಪ್ಪಿಗೆ ಪಡೆದು ಜೀವಾಧಾರ ಚಿಕಿತ್ಸೆ ಹಿಂತೆಗೆಯಬಹುದು ಎಂದಿತು. 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೇ ವಿಧಿಯೊಳಗೇ ಇದೆ ಎಂದು ಹೇಳಿ ವೈದ್ಯಕೀಯ ಮಂಡಳಿಗಳ ಕ್ರಮ ಹಾಕಿಕೊಟ್ಟಿತು. ಆ ಕ್ರಮದಂತೆ 20 ವರ್ಷ ಅನುಭವದ ವೈದ್ಯರು, ಜಿಲ್ಲಾಧಿಕಾರಿ ರಚಿಸುವ ಮಂಡಳಿ, ಖುದ್ದು ಬಂದು ನೋಡುವ ಮ್ಯಾಜಿಸ್ಟ್ರೇಟ್ ಎಲ್ಲ ಬೇಕಿತ್ತು, ನಡೆಯುವ ಮಾತಾಗಿರಲಿಲ್ಲ. 2023ರ ಜನವರಿ 24ರಂದು ಅದನ್ನು ಸಡಿಲಿಸಲಾಯಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿ ಇದನ್ನು ರಾಜ್ಯದಲ್ಲಿ ಜಾರಿಗೆ ತಂದಿತು.

ಈಗಿನ ಕ್ರಮ ಹೀಗಿದೆ. ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವವಿರುವ ಇಬ್ಬರು ವಿಷಯ ತಜ್ಞರು ಸೇರಿ ಪ್ರಾಥಮಿಕ ಮಂಡಳಿ. ಜಿಲ್ಲಾ ಆರೋಗ್ಯಾಧಿಕಾರಿ ನಾಮಕರಣ ಮಾಡಿದ ಒಬ್ಬ ವೈದ್ಯರು ಮತ್ತು ಮೊದಲ ಮಂಡಳಿಯಲ್ಲಿ ಇಲ್ಲದ ಬೇರೆ ಇಬ್ಬರು ತಜ್ಞರು ಸೇರಿ ದ್ವಿತೀಯ ಮಂಡಳಿ. ಎರಡೂ ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಹತ್ತಿರದ ಬಂಧುಗಳ ಲಿಖಿತ ಒಪ್ಪಿಗೆ ಬೇಕು. ಜಾರಿಗೆ ಮುನ್ನ ಪ್ರಥಮ ದರ್ಜೆ ನ್ಯಾಯಾಂಗ ಮ್ಯಾಜಿಸ್ಟ್ರೇಟ್‌ಗೆ ತಿಳಿಸಬೇಕು. ತಿಳಿಸಿದರೆ ಸಾಕು, ಅನುಮತಿಗೆ ಕಾಯಬೇಕಿಲ್ಲ. ಮಂಡಳಿಗಳು ಒಪ್ಪದಿದ್ದರೆ ಮನೆಯವರು ಹೈಕೋರ್ಟಿಗೆ ಹೋಗಬಹುದು. ಮದ್ದು ಕೊಟ್ಟು ಸಾಯಿಸುವುದು ಮಾತ್ರ ಇವತ್ತಿಗೂ ಅಪರಾಧವೇ. ನೆದರ್ಲೆಂಡ್ಸ್‌ನಲ್ಲಿ ತೀರಾ ನರಳುವ ಶಿಶುವಿನ ಜೀವವನ್ನು ವೈದ್ಯರೇ ಕೊನೆಗೊಳಿಸಲು ಇರುವ ಗ್ರೋನಿಂಗನ್ ಪ್ರೋಟೊಕಾಲ್‌ನಂಥದ್ದಕ್ಕೆ ನಮ್ಮಲ್ಲಿ ಜಾಗವಿಲ್ಲ.

ತಮಗೆ ಯಾವ ಚಿಕಿತ್ಸೆ ಬೇಡ ಎಂದು ಮುಂಚಿತ ಉಯಿಲು ಬರೆಯಬಲ್ಲ ದೊಡ್ಡವರನ್ನು ಮುಂದಿಟ್ಟುಕೊಂಡು ಬೆಳೆದ ಕ್ರಮ ಇದು. ನವಜಾತ ಶಿಶುವಿಗೆ ಹಿಂದಿನ ಇಚ್ಛೆ ಎಂಬುದೇ ಇಲ್ಲ. "ಇವರು ಮಾತಾಡುವಂತಿದ್ದರೆ ಏನು ಹೇಳುತ್ತಿದ್ದರು" ಎಂದು ಊಹಿಸಲೂ ಬರುವುದಿಲ್ಲ. ಹಾಗಾಗಿ ಉಳಿಯುವ ಅಳತೆಗೋಲು ಒಂದೇ: ಈ ಕೂಸಿನ ಹಿತ ಯಾವುದರಲ್ಲಿದೆ? ಮನೆತನದ ಹಿತ, ಆಸ್ಪತ್ರೆಯ ಹಾಸಿಗೆಯ ಹಿತ, ವೈದ್ಯರ ಮೇಲೆ ಕೇಸು ಬೀಳದಿರುವ ಹಿತ ಇವೆಲ್ಲ ಆಮೇಲಿನವು.

ಯಾವ ಕೂಸು 'ಉಳಿಯಂಗಿಲ್ಲ'?

ಈ ಒಂದೇ ಮಾತಿನಡಿ ಬಹಳ ಬೇರೆ ಬೇರೆ ಸ್ಥಿತಿಗಳನ್ನು ತುಂಬುತ್ತಾರೆ. ತಲೆಬುರುಡೆ, ದೊಡ್ಡ ಮೆದುಳು ಬೆಳೆಯದೇ ಹುಟ್ಟುವ ಅನೆನ್ಸೆಫಲಿಯಲ್ಲಿ ಬಹುತೇಕ ಕೂಸುಗಳು ತಾಸುಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಹೋಗುತ್ತವೆ. ಎರಡೂ ಮೂತ್ರಪಿಂಡ ಇಲ್ಲದ ಕೂಸಿಗೆ ಗರ್ಭದಲ್ಲಿ ನೀರು ಇರುವುದಿಲ್ಲ, ನೀರಿಲ್ಲದೆ ಶ್ವಾಸಕೋಶ ಬೆಳೆಯುವುದಿಲ್ಲ. ಇಂಥಲ್ಲಿ ಯಂತ್ರ ಸಾವನ್ನು ಮುಂದೂಡುತ್ತದೆ, ಬದುಕನ್ನು ಕೊಡುವುದಿಲ್ಲ. ಇಲ್ಲಿ ವಾದಕ್ಕೆ ಹೆಚ್ಚು ಎಡೆಯಿಲ್ಲ.

18ನೇ ಕ್ರೋಮೋಸೋಮ್ ಮೂರಾಗಿರುವ ಟ್ರೈಸೋಮಿ 18ರಂಥವು ಬೇರೆ. ಮೊದಲು ಇದನ್ನು 'ಮಾರಕ' ಎಂದು ಒಂದೇ ಮಾತಲ್ಲಿ ಮುಗಿಸುತ್ತಿದ್ದರು. ಆದರೆ ನೂರರಲ್ಲಿ ಐದರಿಂದ ಹತ್ತು ಮಕ್ಕಳು ಮೊದಲ ಹುಟ್ಟುಹಬ್ಬ ದಾಟುತ್ತವೆ. ಮುಷ್ಟಿ ಬಿಗಿದ ಬೆರಳು, ಚಿಕ್ಕ ದವಡೆ, ಹೃದಯದ ತೂತು ನೋಡಿದ ಕೂಡಲೇ ಹಣೆಪಟ್ಟಿ ಹಚ್ಚುವುದು ತಪ್ಪು. ಕ್ರೋಮೋಸೋಮ್ ಪರೀಕ್ಷೆಗೆ ರಕ್ತ ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತದೆ. ಜೀವಕೋಶ ಬೆಳೆಸಿ ನೋಡುವ ಪರೀಕ್ಷೆಗೆ ಎರಡು ಮೂರು ವಾರ ಹಿಡಿಯುತ್ತದೆ. ಪಿಸಿಆರ್ ಆಧಾರಿತ ಬೇಗದ ಪರೀಕ್ಷೆ ಕೇಳಿದರೆ ಕೆಲವೇ ದಿನಗಳಲ್ಲಿ ಉತ್ತರ ಬರುತ್ತದೆ. ಕೇಳಬೇಕು ಎಂಬುದೇ ಹಲವರಿಗೆ ಹೊಳೆಯುವುದಿಲ್ಲ.

ನಮ್ಮ ಸೀಮೆಯಲ್ಲಿ ಮತ್ತೆ ಮತ್ತೆ ಎದುರಾಗುವ, ಎಲ್ಲಕ್ಕಿಂತ ಹೆಚ್ಚು ತಪ್ಪು ನಡೆಯುವ ಸ್ಥಿತಿ ಉಸಿರುಗಟ್ಟಿ ಹುಟ್ಟಿದ ಕೂಸಿನದು. ಹೆರಿಗೆ ನೋವು ಎಳೆದಿರುತ್ತದೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸಿರುತ್ತಾರೆ, ಕೂಸು ಹುಟ್ಟಿ ಅತ್ತಿರುವುದಿಲ್ಲ. ಮೆದುಳಿಗೆ ಆಮ್ಲಜನಕ ಸಿಗದೆ ಆದ ಹಾನಿಯನ್ನು ಸಾರ್ನಾಟ್ ಎಂಬ ಕ್ರಮದಲ್ಲಿ ಮೂರು ಹಂತವಾಗಿ ಅಳೆಯುತ್ತಾರೆ. ಒಂದನೇ ಹಂತದವು ಬಹುಪಾಲು ಪೂರ್ತಿ ಸುಧಾರಿಸುತ್ತವೆ. ಮೂರನೇ ಹಂತದವು ಹೆಚ್ಚಾಗಿ ಸಾಯುತ್ತವೆ, ಉಳಿದರೆ ತೀವ್ರ ಅಂಗವೈಕಲ್ಯದೊಂದಿಗೆ ಉಳಿಯುತ್ತವೆ. ತಕರಾರು ಇರುವುದು ಎರಡಕ್ಕೂ ಮೂರಕ್ಕೂ ನಡುವೆ, ಅದನ್ನು ಯಾವ ಹೊತ್ತಿನಲ್ಲಿ ನೋಡಿದಿರಿ ಎಂಬುದರಲ್ಲಿ.

ಮೊದಲ ರಾತ್ರಿ ಫಿಟ್ಸ್ ಬರುತ್ತದೆ. ಕಿಲೋಗೆ 20 ಮಿ.ಗ್ರಾಂ. ಫಿನೊಬಾರ್ಬಿಟೋನ್ ಹೋಗುತ್ತದೆ, ನಿಲ್ಲದಿದ್ದರೆ ಮತ್ತೆ 10, ಮತ್ತೆ 10. ಹೊಸದಾಗಿ ಹುಟ್ಟಿದ ಕೂಸಿನ ಮೈಯಿಂದ ಈ ಔಷಧಿಯ ಅರ್ಧದಷ್ಟು ಹೊರಹೋಗಲು ನಾಲ್ಕು ದಿನವೂ ಹಿಡಿಯಬಹುದು. ಉಸಿರುಗಟ್ಟಿದ್ದರಿಂದ ಯಕೃತ್ತು, ಮೂತ್ರಪಿಂಡ ಸೋತಿದ್ದರೆ ಇನ್ನೂ ಹೆಚ್ಚು. ಮರುದಿನ ಬೆಳಗ್ಗೆ ರೌಂಡ್ಸ್‌ಗೆ ಬಂದವರಿಗೆ ಕಾಣುವುದು ಮೆತ್ತಗೆ ಬಿದ್ದಿರುವ, ಚಿವುಟಿದರೂ ಅಲುಗದ, ಚೀಪದ ಕೂಸು. ಅದು ಮೆದುಳಿನ ಹಾನಿಯೋ ಔಷಧಿಯ ಮಂಪರೋ? ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಇದರ ಜೊತೆ ರಕ್ತದ ಸಕ್ಕರೆ ಇಳಿದಿದ್ದರೆ, ಸೋಡಿಯಂ ಇಳಿದಿದ್ದರೆ, ಆಂಬುಲೆನ್ಸಿನಲ್ಲಿ ಬರುವಾಗ ಮೈ ತಣ್ಣಗಾಗಿದ್ದರೆ ಚಿತ್ರ ಇನ್ನಷ್ಟು ಕೆಡುತ್ತದೆ. ಹಾಗಾಗಿ ಮೊದಲ 24 ಗಂಟೆಯಲ್ಲಿ ಭವಿಷ್ಯ ನುಡಿಯಬಾರದು. ಔಷಧಿಯ ಲೆಕ್ಕ ಹಾಕಿ, ಸಕ್ಕರೆ, ಲವಣ, ಉಷ್ಣತೆ ಸರಿಪಡಿಸಿ, ಮೂರನೇ ದಿನ ಮತ್ತೆ ನೋಡಬೇಕು. ಮೆದುಳಿನ ವಿದ್ಯುತ್ ತರಂಗ ದಾಖಲಿಸುವ ಇಇಜಿ ಸಿಕ್ಕರೆ ಬಹಳ ಒಳ್ಳೆಯದು. ತಲೆಯ ಅಲ್ಟ್ರಾಸೌಂಡ್ ಮೊದಲ ದಿನಗಳಲ್ಲಿ ಒಳಭಾಗದ ಹಾನಿಯನ್ನು ಎಷ್ಟೋ ಸಲ ತೋರಿಸುವುದೇ ಇಲ್ಲ. "ಸ್ಕ್ಯಾನ್ ನಾರ್ಮಲ್ ಐತಿ" ಎಂಬ ಸಮಾಧಾನಕ್ಕೂ ಅದು ಆಧಾರವಾಗಬಾರದು. ಎಂಆರ್‌ಐ ನಾಲ್ಕರಿಂದ ಏಳನೇ ದಿನದ ಹೊತ್ತಿಗೆ ಹೆಚ್ಚು ಹೇಳುತ್ತದೆ. ಆದರೆ ವೆಂಟಿಲೇಟರ್ ಮೇಲಿರುವ ಕೂಸನ್ನು ಆ ಕೋಣೆಗೆ ಒಯ್ಯುವುದೇ ಒಂದು ಗಂಡಾಂತರ.

ಕೂಸನ್ನು ತಂಪಾಗಿಸುವ ಚಿಕಿತ್ಸೆಯ ಬಗ್ಗೆ ಒಂದು ಮಾತು. 33.5 ಡಿಗ್ರಿಯಲ್ಲಿ 72 ಗಂಟೆ ಇಡುವ ಈ ವಿಧಾನ ಶ್ರೀಮಂತ ದೇಶಗಳಲ್ಲಿ ಫಲ ಕೊಟ್ಟಿದೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಹೀಲಿಕ್ಸ್ ಅಧ್ಯಯನದಲ್ಲಿ ಅದು ಸಾವನ್ನು ತಗ್ಗಿಸಲಿಲ್ಲ. ತಂಪಾಗಿಸಿದ ಗುಂಪಿನಲ್ಲೇ ಸಾವು ಹೆಚ್ಚಾಗಿತ್ತು. "ಬೆಂಗಳೂರಿಗೆ ಒಯ್ದಿದ್ರೆ ಕೂಲಿಂಗ್ ಮಾಡಿ ಉಳಿಸ್ತಿದ್ರು" ಎಂಬ ಕೊರಗನ್ನು ಹೊತ್ತು ತಿರುಗುವ ಮನೆಯವರಿಗೆ ಇದನ್ನು ತಿಳಿಸಬೇಕು.

'ಬ್ರೈನ್ ಡೆಡ್' ಎಂಬ ಪದವನ್ನೂ ಸಡಿಲವಾಗಿ ಬಳಸಲಾಗುತ್ತದೆ. 37 ವಾರ ತುಂಬದ ಕೂಸಿನಲ್ಲಿ ಮೆದುಳು ಸಾವನ್ನು ಘೋಷಿಸುವ ಒಪ್ಪಿತ ಕ್ರಮವೇ ಇಲ್ಲ. ತುಂಬು ತಿಂಗಳ ನವಜಾತ ಶಿಶುವಿಗೆ ಕನಿಷ್ಠ 12 ಗಂಟೆ ಅಂತರದಲ್ಲಿ ಬೇರೆ ಬೇರೆ ವೈದ್ಯರು ಎರಡು ಸಲ ಪರೀಕ್ಷಿಸಬೇಕೆಂದು ಅಮೆರಿಕದ 2023ರ ಮಾರ್ಗಸೂಚಿ ಹೇಳುತ್ತದೆ; 2011ರದ್ದರಲ್ಲಿ ಈ ಅಂತರ 24 ಗಂಟೆ ಇತ್ತು. ಕಣ್ಣುಪಾಪೆಗೆ ಟಾರ್ಚ್ ಬಿಟ್ಟು ಹೇಳುವ ಮಾತಲ್ಲ ಅದು.

ಕೊನೆಯದು ತೀರಾ ಮುಂಚೆ ಹುಟ್ಟಿದ ಕೂಸು. ಇಲ್ಲಿ ತಪ್ಪು ಆಗುವುದು ವಾರದ ಲೆಕ್ಕದಲ್ಲಿ. ಕೊನೆಯ ಮುಟ್ಟಿನ ದಿನ ಎಷ್ಟೋ ತಾಯಂದಿರಿಗೆ ನೆನಪಿರುವುದಿಲ್ಲ, ತಾಯಿ ಕಾರ್ಡಿನಲ್ಲಿ ಅಂದಾಜಿನ ತಾರೀಖು ಬರೆದಿರುತ್ತಾರೆ. ಮೊದಲ ಮೂರು ತಿಂಗಳ ಸ್ಕ್ಯಾನ್ ಇದ್ದರೆ ವ್ಯತ್ಯಾಸ ಒಂದು ವಾರದೊಳಗೆ. ಮೊದಲ ಸ್ಕ್ಯಾನೇ ಎಂಟನೇ ತಿಂಗಳಲ್ಲಿ ಆಗಿದ್ದರೆ ಆಚೀಚೆ ಮೂರು ವಾರ. 700 ಗ್ರಾಂ ಕೂಸು 23 ವಾರದ್ದೂ ಇರಬಹುದು, ತಾಯಿಯ ಬಿಪಿಯಿಂದ ಸೊರಗಿದ 29 ವಾರದ್ದೂ ಇರಬಹುದು. ಮೊದಲನೆಯದರ ದಾರಿ ಬಹಳ ಕಡಿದು, ಎರಡನೆಯದಕ್ಕೆ ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್, ತಾಯಿಯ ಹಾಲು, ಎದೆಗವಚಿಕೊಳ್ಳುವ ಆರೈಕೆಯಲ್ಲೇ ಒಳ್ಳೆಯ ಅವಕಾಶವಿದೆ. ತೂಕ ನೋಡಿ "ಅಂಗೈಯಷ್ಟು ಐತಿ, ಬಿಡ್ರಿ" ಎನ್ನುವುದು ನಿರ್ಧಾರವಲ್ಲ, ಕೈಚೆಲ್ಲುವುದು.

ಕೊಳವೆ ಹಾಕುವ ಮೊದಲಿನ ಭಯ

ಹೆರಿಗೆ ಕೋಣೆಯಿಂದಲೇ ಶುರುವಾಗುವ ಒಂದು ಗೊಂದಲ ಇದೆ. ಕೂಸಿಗೆ ಎದೆಬಡಿತವೇ ಇಲ್ಲದಿದ್ದರೆ ಎಷ್ಟು ಹೊತ್ತು ಪ್ರಯತ್ನಿಸಬೇಕು? ಸರಿಯಾಗಿ ಗಾಳಿ ಕೊಟ್ಟೂ ಹತ್ತು ನಿಮಿಷ ಬಡಿತ ಸಿಗದಿದ್ದರೆ ನಿಲ್ಲಿಸಬಹುದು ಎಂಬುದು ಮೂಲ ಸೌಲಭ್ಯದ ಕಡೆಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆ. ಎಲ್ಲ ಸೌಲಭ್ಯ ಇದ್ದಲ್ಲಿ ಸುಮಾರು ಇಪ್ಪತ್ತು ನಿಮಿಷದ ಹೊತ್ತಿಗೆ ಈ ಮಾತು ಎತ್ತಬಹುದು ಎಂದು 2020ರ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಬಡಿತ ಮರಳಿದರೆ ಮುಂದೇನು ಎಂಬಲ್ಲಿ ತೊಡಕು.

"ಒಮ್ಮೆ ಪೈಪ್ ಹಾಕಿದ ಮ್ಯಾಲೆ ತೆಗಿಯಾಕ ಬರಂಗಿಲ್ಲ" ಎಂಬ ನಂಬಿಕೆ ವೈದ್ಯರಲ್ಲೂ ಬಲವಾಗಿದೆ. ಇದರಿಂದ ಎರಡು ಕಡೆ ಅನ್ಯಾಯ ಆಗುತ್ತದೆ. ಉಳಿಯುವ ಭರವಸೆ ಅನಿಶ್ಚಿತವಾಗಿರುವ ಕೂಸಿಗೆ ಕೊಳವೆ ಹಾಕಲು ಹಿಂಜರಿಯುತ್ತಾರೆ. ಹಾಕಿದ್ದರೆ ಎರಡು ದಿನದಲ್ಲಿ ತಾನೇ ಉಸಿರಾಡುತ್ತಿದ್ದ ಕೂಸು ಅವಕಾಶವೇ ಇಲ್ಲದೆ ಹೋಗುತ್ತದೆ. ಇನ್ನೊಂದು ಕಡೆ, ಹಾಕಿಯಾದ ಮೇಲೆ ಏನೂ ಉಪಯೋಗವಿಲ್ಲ ಎಂದು ಎಲ್ಲರಿಗೂ ಗೊತ್ತಾದರೂ ಯಾರೂ ತೆಗೆಯುವುದಿಲ್ಲ, ಕೂಸು ಮೂರು ವಾರ ಯಂತ್ರದ ಮೇಲೆ ಇರುತ್ತದೆ. ಆರಂಭಿಸದೇ ಇರುವುದಕ್ಕೂ ಆರಂಭಿಸಿ ಹಿಂತೆಗೆಯುವುದಕ್ಕೂ ನೈತಿಕವಾಗಿ ವ್ಯತ್ಯಾಸವಿಲ್ಲ, ಸುಪ್ರೀಂ ಕೋರ್ಟಿನ ಕ್ರಮವೂ ಎರಡಕ್ಕೂ ಅನ್ವಯಿಸುತ್ತದೆ. ಹಿಂತೆಗೆಯಲು ದಾರಿ ಇದೆ ಎಂದು ಗೊತ್ತಿದ್ದವರು ಧೈರ್ಯವಾಗಿ ಆರಂಭಿಸುತ್ತಾರೆ.

ಅದಕ್ಕೇ ಅವಧಿ ಗೊತ್ತುಮಾಡಿದ ಪ್ರಯತ್ನ ಒಳ್ಳೆಯ ಕ್ರಮ. ಮೊದಲ ದಿನವೇ ಮನೆಯವರಿಗೆ ಹೇಳಬೇಕು: "72 ತಾಸು ಎಲ್ಲಾ ಚಿಕಿತ್ಸೆ ಕೊಡ್ತೀವಿ. ಆವಾಗ ಈ ಮೂರು ನೋಡ್ತೀವಿ: ತಾನಾಗಿ ಉಸಿರಾಡತೈತೇನು, ಕಣ್ಣು ತೆರೀತೈತೇನು, ಫಿಟ್ಸ್ ನಿಂತೈತೇನು. ಆಮ್ಯಾಲೆ ಮತ್ತ ಕೂತು ಮಾತಾಡೋಣ." ಏನನ್ನು ನೋಡುತ್ತೇವೆ ಎಂಬುದನ್ನು ಕೇಸ್‌ಶೀಟಿನಲ್ಲಿ ಬರೆದಿಡಬೇಕು. ಇಲ್ಲದಿದ್ದರೆ ಮೂರನೇ ದಿನ ಡ್ಯೂಟಿಗೆ ಬಂದ ಬೇರೆ ವೈದ್ಯರು ಬೇರೆಯೇ ಮಾತು ಹೇಳುತ್ತಾರೆ, ಮನೆಯವರಿಗೆ ಯಾರನ್ನು ನಂಬಬೇಕೋ ತಿಳಿಯುವುದಿಲ್ಲ.

ಕಾಯಿಲೆ ಬಿದ್ದ ನವಜಾತ ಶಿಶುಗಳಿಗಾಗಿ ಜಿಲ್ಲಾ ಮಟ್ಟದಲ್ಲಿರುವ ವಿಶೇಷ ಘಟಕಗಳ (ಎಸ್‌ಎನ್‌ಸಿಯು) ಮೂಲ ವಿನ್ಯಾಸದಲ್ಲಿ ದೀರ್ಘಕಾಲದ ವೆಂಟಿಲೇಟರ್ ಚಿಕಿತ್ಸೆ ಸೇರಿಲ್ಲ. ಅದಕ್ಕೆ ವೈದ್ಯಕೀಯ ಕಾಲೇಜಿನ ನವಜಾತ ಶಿಶು ತೀವ್ರ ನಿಗಾ ಘಟಕಕ್ಕೇ (ಎನ್‌ಐಸಿಯು) ಹೋಗಬೇಕು. ಹಾಗಾಗಿ ಲಿಂಗಸುಗೂರು, ಗಂಗಾವತಿ, ಸಿರುಗುಪ್ಪದಂಥ ಕಡೆ ರೆಫರ್ ಮಾಡುವುದೇ ಜೀವಾಧಾರ ಚಿಕಿತ್ಸೆಯ ನಿರ್ಧಾರ. ಕೊಪ್ಪಳದವರು ಹುಬ್ಬಳ್ಳಿಗೆ, ರಾಯಚೂರಿನವರು ಹೈದರಾಬಾದಿಗೆ, ಬಳ್ಳಾರಿಯವರು ಬೆಂಗಳೂರಿಗೆ ಮುಖ ಮಾಡುತ್ತಾರೆ. ಅನೆನ್ಸೆಫಲಿ ಇರುವ ಕೂಸನ್ನು 300 ಕಿಲೋಮೀಟರ್ ಕಳಿಸುವುದರಿಂದ ಯಾರಿಗೆ ಏನು ಲಾಭ? ದಾರಿಯಲ್ಲಿ ಸಾಯುತ್ತದೆ, ತಾಯಿ ಹಿಂದೆ ಉಳಿದಿರುತ್ತಾಳೆ. "ನಮ್ಮ ಕೈಯಾಗ ಸಾಯಬಾರದು" ಎಂಬ ಕಾರಣಕ್ಕೆ ಮಾಡುವ ರೆಫರಲ್ ಇದು, ಮತ್ತು ಇದು ಕಡಿಮೆಯೇನಲ್ಲ.

ಹೂಂ ಅನ್ನುವವರು ಯಾರು?

ಕಾಗದದ ಮೇಲೆ ತಂದೆತಾಯಿ. ನಡೆಯುವುದು ಬೇರೆ. ಸಿಸೇರಿಯನ್ ಆದ ತಾಯಿ ಬಾಣಂತಿ ವಾರ್ಡಿನಲ್ಲಿ, ಕೆಲವೊಮ್ಮೆ ಬೇರೆ ಊರಿನ ಆಸ್ಪತ್ರೆಯಲ್ಲಿ ಇರುತ್ತಾಳೆ. "ಹಸಿ ಬಾಣಂತಿ ಅದಾಳ, ಹೇಳಬ್ಯಾಡ್ರಿ ಸರ, ನಂಜೇರತೈತಿ" ಎಂದು ಅತ್ತೆಯೋ ತಾಯಿಯೋ ತಡೆಯುತ್ತಾರೆ. ತಂದೆ ಗುಳೆ ಹೋಗಿ ಬೆಂಗಳೂರಿನ ಕಟ್ಟಡ ಕೆಲಸದಲ್ಲಿರುತ್ತಾನೆ. ಸಹಿ ಬೀಳುವುದು ಅಜ್ಜನದು, ಸೋದರಮಾವನದು. ಹೆತ್ತವಳಿಗೆ ಗೊತ್ತಾಗುವುದು ಎಲ್ಲ ಮುಗಿದ ಮೇಲೆ. "ಕೂಸು ಹುಬ್ಬಳ್ಳ್ಯಾಗ ಐತಿ" ಎಂಬ ಸುಳ್ಳಿನೊಂದಿಗೆ ನಾಲ್ಕು ದಿನ ಹಾಲು ಹಿಂಡಿ ಕೊಡುತ್ತಿರುತ್ತಾಳೆ.

ಇದನ್ನು ಕರುಣೆ ಎಂದು ಒಪ್ಪಲು ಸಾಧ್ಯವಿಲ್ಲ. ತಾಯಿಯನ್ನು ಬಿಟ್ಟು ತೆಗೆದುಕೊಂಡ ಒಪ್ಪಿಗೆ ಅಪೂರ್ಣ. ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದು ಕೂಸನ್ನು ತೋರಿಸಬೇಕು, ಮುಟ್ಟಲು ಬಿಡಬೇಕು. ತಂದೆಗೆ ವಿಡಿಯೊ ಕಾಲ್ ಮಾಡಿ, ಬಸ್ಸು ಹಿಡಿದು ಬರುವ ಒಂದು ರಾತ್ರಿಯ ಹೊತ್ತು ಕಾಯಬೇಕು. ಹಿರಿಯರು ಜೊತೆಗಿರಲಿ, ಅವರ ಮಾತಿಗೆ ಮನೆಯಲ್ಲಿ ತೂಕ ಇದೆ. ಆದರೆ ತಂದೆತಾಯಿಯ ಜಾಗದಲ್ಲಿ ಅಲ್ಲ.

ಹಣದ ವಿಚಾರವನ್ನು ಮುಚ್ಚಿಡಬಾರದು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದವರೆಗಿನ ಕಾಯಿಲೆ ಬಿದ್ದ ಮಗುವಿಗೆ ಚಿಕಿತ್ಸೆ, ಔಷಧಿ, ಪರೀಕ್ಷೆ, ವಾಹನ ಉಚಿತ. ಆದರೂ ಕೂಲಿ ಹೋಗುತ್ತದೆ, ಹೊರಗೆ ಉಣ್ಣಬೇಕು, ಮನೆಯಲ್ಲಿ ಇನ್ನೆರಡು ಮಕ್ಕಳಿರುತ್ತವೆ. ಖಾಸಗಿಯಲ್ಲಿ ದಿನದ ಬಿಲ್ಲೇ ಗಂಟಲು ಹಿಡಿಯುತ್ತದೆ. "ದುಡ್ಡಿನ ಚಿಂತಿ ಇರಲಿಲ್ಲ ಅಂದ್ರ ಏನು ಮಾಡ್ತಿದ್ರಿ?" ಎಂದು ನೇರವಾಗಿ ಕೇಳಿ ನೋಡಬೇಕು. "ಇಟ್ಕೊಂಡು ನೋಡ್ತಿದ್ವಿ" ಎಂದರೆ ಆ ಕೂಸಿಗೆ ಬೇಕಿರುವುದು ಸರ್ಕಾರಿ ಎನ್‌ಐಸಿಯು ಹಾಸಿಗೆಯೇ ಹೊರತು ಮಂಡಳಿ ಅಲ್ಲ. ಹಾಗೆಯೇ, ಸತ್ತ ಕೂಸಿನ ದೇಹವನ್ನು ಬಾಕಿ ಬಿಲ್ಲಿಗಾಗಿ ತಡೆಹಿಡಿಯುವಂತಿಲ್ಲ ಎಂದು 2017ರಲ್ಲಿ ತಿದ್ದುಪಡಿಯಾದ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ.

ಇನ್ನೊಂದು ಪ್ರಶ್ನೆಯನ್ನು ವೈದ್ಯರು ತಮ್ಮಷ್ಟಕ್ಕೆ ಕೇಳಿಕೊಳ್ಳಬೇಕು: ಇದೇ ಕಾಯಿಲೆ ಗಂಡುಕೂಸಿಗೆ ಬಂದಿದ್ದರೆ ಮನೆಯವರು ಇಷ್ಟು ಬೇಗ ಒಯ್ಯುತ್ತೇವೆ ಎನ್ನುತ್ತಿದ್ದರೇ? ಮೂರನೆಯ ಹೆಣ್ಣುಮಗು, ಸೀಳುತುಟಿ, ಸರಿಪಡಿಸಬಹುದಾದ ಬೆನ್ನುಹುರಿಯ ಗಂಟು ಇವು 'ಉಳಿಯದ' ಪಟ್ಟಿಗೆ ಸೇರಿಬಿಡುವುದನ್ನು ತಡೆಯಲು ಎರಡನೇ ಮಂಡಳಿ ಎಂಬುದು ಬೇಕೇ ಬೇಕು. ಗುಣವಾಗುವ ಕೂಸಿಗೆ ತಂದೆತಾಯಿ ಚಿಕಿತ್ಸೆ ನಿರಾಕರಿಸಿದರೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸುವ ದಾರಿ ಇದೆ.

ಮಾತಾಡುವ ರೀತಿಯೂ ಮುಖ್ಯ. 'ಫಿಫ್ಟಿ ಫಿಫ್ಟಿ' ಎಂಬುದು ನಮ್ಮ ವಾರ್ಡುಗಳ ಅತಿ ಕೆಟ್ಟ ಮಾತು. ವೈದ್ಯರು ಅದನ್ನು 'ಗೊತ್ತಿಲ್ಲ' ಎಂಬುದರ ಬದಲು ಹೇಳುತ್ತಾರೆ, ಕೇಳಿದವರು ಅರ್ಧಕ್ಕರ್ಧ ಭರವಸೆ ಎಂದು ಹೊಲ ಒತ್ತೆ ಇಡಲು ಹೋಗುತ್ತಾರೆ. "ದೇವರ ಕೈಯಾಗ ಐತಿ" ಎಂಬುದು ಎರಡನೆಯದು. ಮನೆಯವರು ಅಂದರೆ ಅದು ನಂಬಿಕೆ, ಡಾಕ್ಟರ್ ಅಂದರೆ ಜಾರಿಕೊಳ್ಳುವುದು. "ಈ ಕೂಸು ಬದುಕುವುದಿಲ್ಲ ಅಂತ ನಮಗೆ ಅನಿಸುತ್ತದೆ, ಕಾರಣ ಇದು" ಎಂದು ಕೂತು, ಮೊಬೈಲು ಬದಿಗಿಟ್ಟು, ನರ್ಸ್ ಜೊತೆಗಿದ್ದು ಹೇಳಬೇಕು. "ಚಿಕಿತ್ಸೆ ನಿಲ್ಲಿಸ್ತೀವಿ" ಎನ್ನಬಾರದು. ಯಂತ್ರ ತೆಗೆಯುತ್ತೇವೆ, ಆರೈಕೆ ತೆಗೆಯುವುದಿಲ್ಲ. ಹೃದಯ ನಿಂತರೆ ಮತ್ತೆ ಒತ್ತುವುದಿಲ್ಲ ಎಂಬ ಡಿಎನ್‌ಎಆರ್ ಒಪ್ಪಂದ ಎದೆ ಒತ್ತುವುದಕ್ಕಷ್ಟೇ ಸಂಬಂಧಿಸಿದ್ದು, ಅದರ ಹೆಸರಲ್ಲಿ ಆ್ಯಂಟಿಬಯೋಟಿಕ್ ಇಲ್ಲವೇ ಹಾಲು ತಪ್ಪಿಸುವಂತಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಮಾರ್ಗಸೂಚಿಯ ಆಶಯ.

ಮಂಡಳಿಯ ವಿಷಯಕ್ಕೆ ಬಂದರೆ, ಒಂದು ಕೂಸಿಗೆ ಆರು ವೈದ್ಯರು ಬೇಕು. ಬಳ್ಳಾರಿ, ರಾಯಚೂರಿನ ವೈದ್ಯಕೀಯ ಕಾಲೇಜುಗಳಲ್ಲಿ ಮಕ್ಕಳ ತಜ್ಞರು, ಅರಿವಳಿಕೆ ತಜ್ಞರು ಸೇರಿ ಹೊಂದಿಸಬಹುದು. ತಾಲ್ಲೂಕಿನ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಸಾಧ್ಯವಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿಗಳು ದ್ವಿತೀಯ ಮಂಡಳಿಯ ಹೆಸರುಗಳನ್ನು ಫೋನ್ ನಂಬರ್ ಸಮೇತ ಮೊದಲೇ ಪಟ್ಟಿ ಮಾಡಿ ಎಲ್ಲ ಘಟಕಗಳಿಗೆ ಕೊಟ್ಟಿರಬೇಕು. ಕೂಸು ಯಂತ್ರದ ಮೇಲಿರುವಾಗ ಕಡತ ಹುಟ್ಟುಹಾಕಿದರೆ 48 ಗಂಟೆ ಟಪಾಲಿನಲ್ಲೇ ಹೋಗುತ್ತದೆ, ಮನೆಯವರು ಬೇಸತ್ತು ಮತ್ತೆ ಡಾಮಾ ಕಾಗದವನ್ನೇ ಕೇಳುತ್ತಾರೆ.

ಕೊಳವೆ ತೆಗೆಯುವ ಹೊತ್ತು

ಹಗಲು ಹೊತ್ತು ಆರಿಸಿ, ಡ್ಯೂಟಿ ಬದಲಾಗುವ ಸಮಯ ಬೇಡ. ಪರದೆ ಎಳೆದ ಮೂಲೆಯಾದರೂ ಸಾಕು. ಹಿಮ್ಮಡಿ ಚುಚ್ಚುವುದು, ಎಕ್ಸ್‌ರೇ, ರಕ್ತ ತೆಗೆಯುವುದನ್ನು ಮೊದಲೇ ನಿಲ್ಲಿಸಿ. ಔಷಧಿಗೆ ಒಂದು ಐವಿ ಲೈನ್ ಉಳಿಸಿಕೊಳ್ಳಿ. ಸ್ನಾಯು ಸಡಿಲಿಸುವ ವೆಕ್ಯುರೋನಿಯಂನಂಥ ಔಷಧಿ ಕೊಟ್ಟಿದ್ದರೆ ಅದರ ಪರಿಣಾಮ ಪೂರ್ತಿ ಇಳಿಯುವ ತನಕ ಕೊಳವೆ ತೆಗೆಯಬಾರದು. ಇಲ್ಲದಿದ್ದರೆ ಕೂಸು ನರಳುತ್ತಿದ್ದರೂ ಮುಖದಲ್ಲಿ ಕಾಣುವುದಿಲ್ಲ.

ಮಾರ್ಫಿನ್ ಕಿಲೋಗೆ 0.05ರಿಂದ 0.1 ಮಿ.ಗ್ರಾಂ. ನಿಧಾನವಾಗಿ ರಕ್ತನಾಳಕ್ಕೆ, ಕೊಳವೆ ತೆಗೆಯುವ ಹತ್ತು ಹದಿನೈದು ನಿಮಿಷ ಮುಂಚೆ. ತಪ್ಪಾಗುವುದು ದಶಮಾಂಶದಲ್ಲಿ. ನಮ್ಮಲ್ಲಿ ಸಿಗುವ ಆಂಪ್ಯೂಲ್‌ಗಳಲ್ಲಿ 1 ಎಂಎಲ್‌ಗೆ 10 ಮಿ.ಗ್ರಾಂ. ಇರುವುದೂ ಇದೆ, 15 ಇರುವುದೂ ಇದೆ. ಲೇಬಲ್ ಓದದೆ ಕೈ ಹಾಕಬಾರದು. 10 ಮಿ.ಗ್ರಾಂನದ್ದಾದರೆ 1 ಎಂಎಲ್ ಅನ್ನು ಸಲೈನ್ ಸೇರಿಸಿ ಒಟ್ಟು 100 ಎಂಎಲ್ ಮಾಡಿದರೆ ಪ್ರತಿ ಎಂಎಲ್‌ಗೆ 0.1 ಮಿ.ಗ್ರಾಂ. ಆಗುತ್ತದೆ. 3 ಕಿಲೋ ಕೂಸಿಗೆ 0.15 ಮಿ.ಗ್ರಾಂ., ಅಂದರೆ 1.5 ಎಂಎಲ್. ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಮಾಡಿ ತಾಳೆ ನೋಡಲೇಬೇಕು. ನರಳಾಟ ತಗ್ಗುವಷ್ಟು ಕೊಡುವುದು ಆರೈಕೆ. ಉಸಿರು ನಿಲ್ಲಿಸಲೆಂದು ಕೊಡುವುದು ಅಪರಾಧ. ಹಾಗಾಗಿ ಕೂಸು ಮುಲುಗಿತು, ಹುಬ್ಬು ಗಂಟಿಕ್ಕಿತು ಎಂಬ ಕಾರಣವನ್ನು ಪ್ರತಿ ಡೋಸಿನ ಎದುರು ಬರೆಯಬೇಕು. ಮಾರ್ಫಿನ್ ಇಟ್ಟುಕೊಳ್ಳಲು ಲೈಸೆನ್ಸಿನ ರಗಳೆ ಎಂಬ ನೆಪ ಹಳೆಯದಾಯಿತು. ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗೆ ಇದು ಸುಲಭವಾಗಿದೆ.

ಮಾನಿಟರಿನ ಸದ್ದು ಆರಿಸಿ. ಕೆನ್ನೆಯ ಪ್ಲಾಸ್ಟರನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ಬಿಡಿಸಿ. ಎಳೆದರೆ ಎಳೆಗೂಸಿನ ಚರ್ಮವೇ ಕಿತ್ತುಬರುತ್ತದೆ, ಆ ಕೆಂಪು ಗುರುತನ್ನು ತಾಯಿ ಮರೆಯುವುದಿಲ್ಲ. ಲಿಂಗಧಾರಣೆ, ಕಿವಿಯಲ್ಲಿ ಅಜಾನ್, ಜ್ಞಾನಸ್ನಾನ, ಹೆಸರಿಡುವುದು ಏನೇ ಇದ್ದರೂ ಈ ಮೊದಲೇ ಮುಗಿಸಲು ಬಿಡಿ. ವಿಭೂತಿಯಿಂದ ಈ ಹಂತದಲ್ಲಿ ಯಾವ ಸೋಂಕಿನ ಭಯವೂ ಇಲ್ಲ. ತಾಯಿಯ ಮಡಿಲಲ್ಲಿಟ್ಟು, ಬಾಯಿಯ ದ್ರವ ಮೆಲ್ಲಗೆ ತೆಗೆದು, ಕೊಳವೆ ತೆಗೆಯಿರಿ.

ಆಮೇಲೆ ಬರುವ ಏದುಸಿರಿನ ಬಗ್ಗೆ ಮೊದಲೇ ಹೇಳಿರಬೇಕು. ಬಿಟ್ಟು ಬಿಟ್ಟು ಬಾಯಿ ತೆರೆದು ಎಳೆಯುವ ಆ ಉಸಿರನ್ನು ನೋಡಿ "ಕೂಸು ಉಸಿರಾಡಾಕತ್ತೈತಿ, ಮತ್ತ ಹಾಕ್ರಿ" ಎಂದು ಮನೆಯವರು ಕೂಗುತ್ತಾರೆ. ಹೇಳಿರದಿದ್ದರೆ ಅದು ಅವರ ತಪ್ಪಲ್ಲ. ಕೆಲವು ಕೂಸುಗಳು ನಿಮಿಷಗಳಲ್ಲಿ ಹೋಗುತ್ತವೆ, ಕೆಲವು ದಿನಗಟ್ಟಲೆ ಉಸಿರಾಡುತ್ತವೆ. ಬದುಕಿಬಿಟ್ಟರೆ ಏನು ಎಂಬುದಕ್ಕೂ ಯೋಜನೆ ಬೇಕು. ಬಾಯಿಗೆ ಎದೆಹಾಲಿನ ಹನಿ ಹಾಕುವುದನ್ನು ಯಾರೂ ತಡೆಯಬಾರದು. ಹಾಲು, ದ್ರವವನ್ನೇ ನಿಲ್ಲಿಸುವುದು ವಿವಾದದ ವಿಷಯ; ಕರುಳು ಸತ್ತು ಹಾಲೇ ಹಿಂಸೆಯಾಗುವ ಸ್ಥಿತಿ ಬಿಟ್ಟರೆ ನಮ್ಮ ಕಡೆ ಅದಕ್ಕೆ ಕೈಹಾಕದಿರುವುದೇ ಸರಿ.

ಮನೆಯಲ್ಲೇ ಕಣ್ಣು ಮುಚ್ಚಲಿ ಎನ್ನುವವರೂ ಇದ್ದಾರೆ, ಅದು ತಪ್ಪಲ್ಲ. ಆದರೆ ಡಾಮಾ ಕಾಗದದ ಮೇಲೆ ಕಳಿಸಬಾರದು. ಮಂಡಳಿಗಳ ತೀರ್ಮಾನ, ಕಾಯಿಲೆಯ ಹೆಸರು, ನೋವಿಗೆ ಬಾಯಿಯ ಮಾರ್ಫಿನ್, ಫಿಟ್ಸ್ ಬಂದರೆ ಮೂಗಿಗೆ ಸಿಂಪಡಿಸುವ ಮಿಡಜೋಲಾಂ, ರಾತ್ರಿ ಎತ್ತಿಕೊಳ್ಳುವ ಒಂದು ಫೋನ್ ನಂಬರ್ ಇರುವ ಬಿಡುಗಡೆ ಪತ್ರ ಕೊಡಬೇಕು. ಮನೆಗೆ ಬಿಡುವ ವಾಹನ ಉಚಿತವಾಗಿ ಇದ್ದೇ ಇದೆ. ಆಶಾ ಕಾರ್ಯಕರ್ತೆ ಹೇಗೂ 3, 7, 14, 21, 28, 42ನೇ ದಿನ ಎಲ್ಲ ಬಾಣಂತಿಯರ ಮನೆಗೆ ಹೋಗುತ್ತಾಳೆ. ಅವಳಿಗೆ ಮೊದಲೇ ತಿಳಿಸಿದರೆ ತೂಕ ಮಾಡಿ "ಯಾಕ ಕಡಿಮಿ ಆಗೈತಿ, ಹಾಲು ಕುಡಿಸಂಗಿಲ್ಲೇನು" ಎಂದು ಬೈಯುವ ಬದಲು ಕೂತು ಮಾತಾಡಿಸಿ ಬರುತ್ತಾಳೆ. ಊರಲ್ಲಿ ನಾಲ್ಕು ಜನ ಅನುಮಾನದಿಂದ ಕೇಳಿದರೆ ತೋರಿಸಲು ಆ ಪತ್ರವೇ ಆಧಾರ.

ಕೂಸು ಹೋದ ಮೇಲೆ ಮರೆಯುವ ಕೆಲಸಗಳು ಕೆಲವು. ಒಂದು ನಿಮಿಷ ಜೀವಂತವಿದ್ದರೂ ಜನನ, ಮರಣ ಎರಡನ್ನೂ 21 ದಿನದೊಳಗೆ ನೋಂದಾಯಿಸಬೇಕು. ತಾಯಿಗೆ ಎರಡರಿಂದ ನಾಲ್ಕನೇ ದಿನ ಎದೆ ಕಟ್ಟುತ್ತದೆ. ಬಿಗಿ ಒಳ ಉಡುಪು, ತಣ್ಣೀರ ಬಟ್ಟೆ, ತೀರಾ ನೋವಾದರೆ ಹಗುರಾಗುವಷ್ಟು ಮಾತ್ರ ಹಿಂಡುವುದು, ಬೇಕಾದರೆ ವೈದ್ಯರು ಕೊಡುವ ಕ್ಯಾಬರ್ಗೋಲಿನ್ ಮಾತ್ರೆ. ಇದನ್ನು ಬಿಡುಗಡೆ ದಿನ ಹೇಳುವವರೇ ಇಲ್ಲ.

ವಂಶವಾಹಿ ಕಾಯಿಲೆಯ ಅನುಮಾನ ಇದ್ದರೆ ಕೂಸು ಹೋಗುವ ಮುನ್ನ 2 ಎಂಎಲ್ ರಕ್ತವನ್ನು ನೇರಳೆ ಮುಚ್ಚಳದ ಇಡಿಟಿಎ ಬಾಟಲಿಯಲ್ಲಿ ತೆಗೆದು ಫ್ರಿಜ್ಜಿನಲ್ಲಿಡಿ, ಒಪ್ಪಿಗೆ ಪಡೆದು ಫೋಟೊ ಮತ್ತು ಇಡೀ ಮೈಯ ಒಂದು ಎಕ್ಸ್‌ರೇ ತೆಗೆಯಿರಿ. ಮಣ್ಣು ಮಾಡಿದ ಮೇಲೆ ಉತ್ತರ ಸಿಗುವುದಿಲ್ಲ. ಸೋದರಮಾವ-ಸೊಸೆ ಮದುವೆ ಇನ್ನೂ ನಡೆಯುವ ಸೀಮೆ ನಮ್ಮದು. ಅಂಥ ದಂಪತಿಗೆ ಹುಟ್ಟುವ ಮಗುವಿನಲ್ಲಿ ಸರಾಸರಿ ಎಂಟನೇ ಒಂದು ಪಾಲು ವಂಶವಾಹಿಗಳು ಎರಡೂ ಕಡೆಯಿಂದ ಒಂದೇ ಆಗಿ ಬಂದಿರುತ್ತವೆ. ತಂದೆತಾಯಿ ಇಬ್ಬರಲ್ಲೂ ಅಡಗಿದ್ದು ಬರುವ ಕಾಯಿಲೆ ಎಂದು ಖಚಿತವಾದರೆ ಮುಂದಿನ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಯಾವ ಕಾಯಿಲೆ ಎಂದು ಗೊತ್ತಿದ್ದರೆ ಮೂರನೇ ತಿಂಗಳ ಹೊತ್ತಿಗೇ ಪರೀಕ್ಷಿಸಬಹುದು. ಅನೆನ್ಸೆಫಲಿ ಆಗಿದ್ದರೆ ಮರುಕಳಿಸುವ ಸಾಧ್ಯತೆ ನೂರಕ್ಕೆ ಎರಡರಿಂದ ನಾಲ್ಕು. ಮುಂದಿನ ಬಸಿರಿಗೆ ಕನಿಷ್ಠ ಒಂದು ತಿಂಗಳು ಮುಂಚಿನಿಂದ ಮೂರು ತಿಂಗಳು ತುಂಬುವ ತನಕ ದಿನಕ್ಕೊಂದು 5 ಮಿ.ಗ್ರಾಂ. ಫೋಲಿಕ್ ಆ್ಯಸಿಡ್ ಮಾತ್ರೆ ತೆಗೆದುಕೊಳ್ಳಬೇಕು. ಅಂಗನವಾಡಿಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯಲ್ಲಿರುವ ಫೋಲಿಕ್ ಆ್ಯಸಿಡ್ ಇದಕ್ಕೆ ಸಾಲದು, ಅದು ಶುರುವಾಗುವ ಹೊತ್ತಿಗೆ ಮಗುವಿನ ಮೆದುಳು, ಬೆನ್ನುಹುರಿಯಾಗುವ ನರನಾಳ ಮುಚ್ಚಿಕೊಳ್ಳುವ ನಾಲ್ಕನೇ ವಾರ ದಾಟಿಹೋಗಿರುತ್ತದೆ.